ರಟ್ಟಿನ ಅಂಬಾಸಿಡರ್



ನಮ್ಮ ಕನ್ನಡ ಪೂಜೆಗೆ ತಪ್ಪದೆ ಬರುವ ಹಿರಿಯರೊಬ್ಬರು ಈ ಬೇಸಿಗೆ ರಜೆಯಲ್ಲಿ ಮೊಮ್ಮಗನ ಜೊತೆ ಕುಳಿತು ಒಂದು ಕಾರು ಮಾಡಿದರು. ಬರೆಯಲು ಒಪ್ಪಿದ್ದಾರೆ, ಹೆಸರು ಮಾತ್ರ ಬೇಡ ಎಂದಿದ್ದಾರೆ.

ಅದು ಅವರ ಅಪ್ಪನ ಹಳೆಯ ಅಂಬಾಸಿಡರಿನ ಮಾದರಿ. ನಿಜವಾದ ಗಾಡಿ ಸುಮಾರು 4.3 ಮೀಟರ್ ಉದ್ದ. 24ರಲ್ಲಿ ಒಂದು ಪಾಲಿಗೆ ಇಳಿಸಿದರೆ 18 ಸೆಂಟಿಮೀಟರ್, ಒಂದು ಗೇಣಿಗೂ ಕಡಿಮೆ. ತಳ, ಬಾಗಿಲು ರಟ್ಟಿನಲ್ಲಿ ಸುಲಭವಾಗಿ ಬಂದವು. ಆದರೆ ಆ ಗುಂಡನೆಯ ಬಾನೆಟ್ಟಿಗೆ ರಟ್ಟು ಬಗ್ಗಲಿಲ್ಲ. ಪೇಪರ್ ಚೂರುಗಳನ್ನು ಗೋಂದಿನಲ್ಲಿ ಅದ್ದಿ ಪದರದ ಮೇಲೆ ಪದರ ಅಂಟಿಸಿ, ಒಣಗಿಸಿ, ಉಪ್ಪುಕಾಗದದಲ್ಲಿ ಉಜ್ಜಿದರು.

ಪ್ರತಿ ಸೆಪ್ಟೆಂಬರ್ 8ರಂದು ಆ ಕಾರಿನಲ್ಲಿ ಇಡೀ ಮನೆಯವರು ಹೊಸೂರಿನಿಂದ ಬೆಂಗಳೂರಿನ ಶಿವಾಜಿನಗರಕ್ಕೆ, ಆರೋಗ್ಯಮಾತೆಯ ಹಬ್ಬಕ್ಕೆ ಹೋಗುತ್ತಿದ್ದರಂತೆ. ಹಳೆಯ ಅಂಬಾಸಿಡರಿನಲ್ಲಿ ಗೇರು ಸ್ಟಿಯರಿಂಗಿನ ಪಕ್ಕದಲ್ಲೇ, ಮುಂದಿನ ಸೀಟು ಬೆಂಚಿನಂತೆ ಒಂದೇ. ಹಾಗಾಗಿ ಅಪ್ಪನ ಪಕ್ಕದಲ್ಲಿ ಅಣ್ಣತಮ್ಮ ಇಬ್ಬರಿಗೂ ಜಾಗ.

ಮುಂದಿನ ಮಡ್‌ಗಾರ್ಡ್ ಒಂದು ನೆಗ್ಗಿತ್ತು. ಎಡವೋ ಬಲವೋ, ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಉಳಿದಿರುವ ಒಂದೇ ಫೋಟೊದಲ್ಲಿ ಕಾರಿನ ಹಿಂಭಾಗ ಮಾತ್ರ ಇದೆ. ಬಲ್ಲವನು ತಮ್ಮನೊಬ್ಬನೇ. ಮನೆ ಪಾಲಿನ ಜಗಳದಿಂದ ಇಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷ. ಅಣ್ಣ ಕನ್ನಡ ಪೂಜೆಗೆ, ತಮ್ಮ ತಮಿಳು ಪೂಜೆಗೆ. ಭಾಷೆಯ ಅನುಕೂಲಕ್ಕೆಂದು ನಾನು ಇಷ್ಟು ದಿನ ತಿಳಿದಿದ್ದೆ!

ಮತ್ತಾಯನ ಶುಭಸಂದೇಶದ 5ನೇ ಅಧ್ಯಾಯದಲ್ಲಿ ಪ್ರಭು ಯೇಸು ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಸಹೋದರನ ಬಳಿಗೆ ಹೋಗಲು ಹೇಳುತ್ತಾರೆ. ಯಾವಾಗ? ನಮಗೆ ಅವನ ಮೇಲೆ ಸಿಟ್ಟಿದ್ದಾಗ ಅಲ್ಲ. ಅವನಿಗೆ ನಮ್ಮ ಮೇಲೆ ಏನೋ ಇದೆ ಎಂದು ಅಲ್ಲಿ, ಕಾಣಿಕೆ ಕೈಯಲ್ಲಿರುವಾಗ, ನೆನಪಾದರೆ. ತಪ್ಪು ಯಾರದು ಎಂಬ ಲೆಕ್ಕವನ್ನು ಪ್ರಭು ಕೇಳುವುದೇ ಇಲ್ಲ. ನಾವೋ, ಮೊದಲು ಅದನ್ನೇ ತೆಗೆಯುತ್ತೇವೆ.

ಹಿರಿಯರು ಅರ್ಧ ಮುಗಿದ ಕಾರನ್ನು ಚೀಲದಲ್ಲಿಟ್ಟುಕೊಂಡು ತಮ್ಮನ ಮನೆಗೆ ಹೋದರು. ತಮ್ಮ ಕಾರನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ಸುಮ್ಮನಿದ್ದನಂತೆ. ಆಮೇಲೆ, “ಎಡಗಡೆ, ಅಣ್ಣ. ಸೈಕಲ್ ಗುದ್ದಿದವನು ನಾನು. ಅಪ್ಪನ ಹತ್ತಿರ ಏಟು ತಿಂದವನು ನೀನು” ಎಂದ.

ಮನೆ ಪಾಲಿನ ಮಾತು ಇನ್ನೂ ಇತ್ಯರ್ಥವಾಗಿಲ್ಲ. ಕಾರಿನ ಎಡ ಮಡ್‌ಗಾರ್ಡನ್ನು ಚಮಚದ ಹಿಂಬದಿಯಿಂದ ಒತ್ತಿ ನೆಗ್ಗಿಸಿದ್ದು ತಮ್ಮನೇ.