ಬಾಲಕ್ಕೆ ಹೋಗುವ ನಾಳ

ದೇವಸ್ಥಾನದ ಮೆಟ್ಟಿಲ ಮೇಲೆ ಬಾಳೆಹಣ್ಣಿಗೆ ಹೊಂಚು ಹಾಕುವ, ನೆತ್ತಿಯಿಂದ ಸುತ್ತಲೂ ಕೂದಲು ಹರಡಿಕೊಂಡ ನಮ್ಮ ಕೋತಿ ದಕ್ಷಿಣ ಭಾರತದ್ದೇ ಪ್ರಾಣಿ. ಅದರ ಹೊಟ್ಟೆಯ ರಕ್ತನಾಳಗಳ ಚಿತ್ರವನ್ನು ಮನುಷ್ಯರದರ ಪಕ್ಕದಲ್ಲಿಟ್ಟರೆ ಯಾವುದು ಯಾರದೆಂದು ನಮ್ಮಂಥವರು ಹೇಳುವುದು ಕಷ್ಟ. ವಪೆಯನ್ನು ದಾಟಿದ ಮಹಾಪಧಮನಿ ಬೆನ್ನುಮೂಳೆಗೆ ಒರಗಿಕೊಂಡೇ ಇಳಿಯುತ್ತದೆ. ಜಠರ, ಯಕೃತ್ತುಗಳ ಕಡೆಗೆ ಕವಲು, ಕರುಳಿಗೆ ಕವಲು, ಮೂತ್ರಪಿಂಡಗಳಿಗೆ ಆಚೆಗೊಂದು ಈಚೆಗೊಂದು. ಎಲ್ಲಿ ಅಗತ್ಯವೋ ಅಲ್ಲಿಗೆ ದಾರಿ. ಇಷ್ಟಾದರೆ ಯೋಚಿಸುವಂಥದ್ದೇನೂ ಇಲ್ಲ.

ಆದರೆ ವೃಷಣದ ನಾಳವನ್ನು ನೋಡಿ. ವೃಷಣ ಇರುವುದು ತೊಡೆಸಂದಿನಲ್ಲಿ. ತೊಡೆಗೆ ಹೋಗುವ ದಪ್ಪ ಅಪಧಮನಿ ಅಲ್ಲೇ ಕೈಯಳತೆಯಲ್ಲಿದ್ದರೂ ಅದಕ್ಕೆ ಮುಖ್ಯವಾಗಿ ರಕ್ತ ಬರುವುದು ಮೇಲೆ, ಮೂತ್ರಪಿಂಡದ ನೆರೆಯಿಂದ. ಹುಟ್ಟಿದೂರಿನ ಬಾವಿಯ ನೀರೇ ಆಗಬೇಕೆಂದು ಹಟ ಹಿಡಿದವರ ಹಾಗೆ. ಭ್ರೂಣದಲ್ಲಿ ವೃಷಣ ಮೂಡಿದ್ದೇ ಆ ನೆರೆಯಲ್ಲಿ. ಕೆಳಗಿಳಿಯುವಾಗ ಅದು ತನ್ನ ನಾಳವನ್ನೂ ಎಳೆದುಕೊಂಡೇ ಬಂತು. ಕೋತಿಯಲ್ಲೂ ಹೀಗೆಯೇ, ನಮ್ಮಲ್ಲೂ ಹೀಗೆಯೇ. ಹೊಸದಾಗಿ ನಕ್ಷೆ ಬರೆಯಲು ಕೂತ ಯಾವ ಎಂಜಿನಿಯರನೂ ಈ ದಾರಿಯನ್ನು ಒಪ್ಪುತ್ತಿರಲಿಲ್ಲ.

ಇನ್ನೂ ಕೆಳಗೆ ಮಹಾಪಧಮನಿ ಎರಡು ಕಾಲುಗಳಿಗಾಗಿ ಎರಡಾಗಿ ಸೀಳುತ್ತದೆ. ಆ ಸೀಳಿನ ಹಿಂಬದಿಯಿಂದ ನಟ್ಟನಡುವೆ ಒಂದೇ ಒಂದು ನಾಳ ನೇರವಾಗಿ ಇಳಿಯುತ್ತದೆ. ಕೋತಿಯಲ್ಲಿ ಅದಕ್ಕೆ ಕೈತುಂಬ ಕೆಲಸ: ಮೈಯಷ್ಟೇ ಉದ್ದದ ಬಾಲವನ್ನು ಸಾಕಬೇಕು. ನಮ್ಮಲ್ಲೂ ಅದು ಅದೇ ಜಾಗದಲ್ಲಿ ಹುಟ್ಟಿ, ಅದೇ ದಿಕ್ಕಿಗೆ ಹೊರಟು, ಬೆನ್ನುಮೂಳೆಯ ತುದಿಯಲ್ಲಿ ಮುಗಿದುಹೋಗುತ್ತದೆ. ಮುಂದೆ ಏನೂ ಇಲ್ಲ. ನಮ್ಮ ಪೂರ್ವಜರು ಬಾಲ ಕಳೆದುಕೊಂಡು ಸುಮಾರು 2.5 ಕೋಟಿ ವರ್ಷಗಳಾದವು. ತಾಯಿಯ ಗರ್ಭದಲ್ಲಿ ಐದನೇ ವಾರದ ಹೊತ್ತಿಗೆ ಪ್ರತಿಯೊಬ್ಬರಿಗೂ ಪುಟ್ಟ ಬಾಲವೊಂದು ಬರುತ್ತದೆ, ಎಂಟನೇ ವಾರ ಮುಗಿಯುವಷ್ಟರಲ್ಲಿ ಕರಗುತ್ತದೆ.

ಎರಡನೇ ಶತಮಾನದ ವೈದ್ಯ ಗ್ಯಾಲೆನ್‌ಗೆ ರೋಮ್‌ನಲ್ಲಿ ಮನುಷ್ಯರ ಶವ ಕೊಯ್ಯುವ ಅವಕಾಶವಿರಲಿಲ್ಲ. ಅವನು ಆಯ್ದುಕೊಂಡದ್ದು ಆದಷ್ಟೂ ಮನುಷ್ಯನನ್ನು ಹೋಲುವ ಕೋತಿಗಳನ್ನು. ಅವುಗಳಲ್ಲಿ ಮುಖ್ಯವಾದದ್ದು ಉತ್ತರ ಆಫ್ರಿಕದ, ಬಾಲ ಇಲ್ಲವೇ ಇಲ್ಲವೆನ್ನಬಹುದಾದ ಬಾರ್ಬರಿ ಕೋತಿ. ಅದರಲ್ಲಿ ಕಂಡದ್ದನ್ನು ಮನುಷ್ಯನದೆಂದೇ ಬರೆದ. 1543ರಲ್ಲಿ ಅಂಗರಚನಾ ತಜ್ಞ ವೆಸಾಲಿಯಸ್‌ನ ಗ್ರಂಥ ಬರುವವರೆಗೂ ಯೂರೋಪಿನ ವೈದ್ಯರು ಅದನ್ನೇ ಓದಿದರು. ತಪ್ಪುಗಳನ್ನು ಲೆಕ್ಕ ಹಾಕುವುದು ಸುಲಭ. ನನ್ನನ್ನು ಕಾಡುವುದು ಅಷ್ಟೊಂದು ಸರಿಯಾಗಿತ್ತಲ್ಲ ಎಂಬುದು. ಕೋತಿಯ ಹೊಟ್ಟೆ ನೋಡಿ ಬರೆದ ಪುಸ್ತಕದಿಂದ ಹದಿಮೂರು ಶತಮಾನ ಮನುಷ್ಯರ ವೈದ್ಯ ನಡೆಯಿತು. ಆದರೂ ಹೋಲಿಕೆಯ ಕಾರಣ ಕೇಳಲು ಬಹುಕಾಲ ಯಾರಿಗೂ ತೋಚಲಿಲ್ಲ.

ನಾಳಗಳು ಈ ಹೊತ್ತಿನ ಅಗತ್ಯವನ್ನಷ್ಟೇ ಹೇಳುವುದಾದರೆ ನಮ್ಮ ಆ ನಡುನಾಳ ಇರಬೇಕಿರಲಿಲ್ಲ. ಹಾಗೆಂದು ಅದು ವ್ಯರ್ಥವೆನ್ನುವಂತೆಯೂ ಇಲ್ಲ. ಬಾಲ ಹೋದ ಮೇಲೆ ತ್ರಿಕಾಸ್ಥಿಗೂ ಸುತ್ತಲಿನ ಅಂಗಾಂಶಕ್ಕೂ ಒಂದಿಷ್ಟು ರಕ್ತ ಒದಗಿಸಿಕೊಂಡಿದೆ. ಹೊಟ್ಟೆಯ ಕಡೆಯಿಂದ ಸೊಂಟದ ಕೊನೆಯ ಡಿಸ್ಕ್‌ಗೆ ಶಸ್ತ್ರಚಿಕಿತ್ಸೆ ಮಾಡುವವರು ದಾರಿಗೆ ಅಡ್ಡವಾಗುವ ಈ ನಾಳವನ್ನು ಸಾಮಾನ್ಯವಾಗಿ ಕಟ್ಟಿ ಕತ್ತರಿಸಿಯೇ ಮುಂದುವರಿಯುತ್ತಾರೆ. ಅದು ಹೋದದ್ದು ರೋಗಿಗೆ ಗೊತ್ತೂ ಆಗುವುದಿಲ್ಲ.