ಕುಂಟಾಲದ ಒಡೆಯ ಯಾರು?

ಎಪ್ರಿಲ್, ಮೇ ತಿಂಗಳ ಬಿಸಿಲಿಗೆ ನಮ್ಮ ಕಾಸರಗೋಡಿನ ಮುರಕಲ್ಲಿನ ಗುಡ್ಡಗಳಲ್ಲಿ ಕೇಪಳದ ಹಣ್ಣು ಕೆಂಪಾಗುತ್ತದೆ, ಕುಂಟಾಲ ಕಪ್ಪಾಗುತ್ತದೆ. ಮಕ್ಕಳು ಬೇಲಿ ದಾಟಿ ಕೊಯ್ದು ತಿನ್ನುತ್ತಾರೆ. ಇದು ಕಳವೇ?

ಬ್ಯಾಂಕಿನ ಗುಮಾಸ್ತನಾದ ನನ್ನ ಕೈಯಲ್ಲಿ ಸಾಲಕ್ಕೆ ಅಡವಿಟ್ಟ ಆಧಾರಗಳು ದಿನವೂ ಹಾದುಹೋಗುತ್ತವೆ. ಅವುಗಳಲ್ಲಿ ಸರ್ವೆ ನಂಬ್ರವಿದೆ, ನಾಲ್ಕು ಗಡಿಗಳಿವೆ. ತೆಂಗು, ಕಂಗುಗಳ ಉಲ್ಲೇಖವೂ ಇರುವುದುಂಟು. ಕುಂಟಾಲದ ಪೊದೆಯನ್ನು ಬರೆದ ಆಧಾರವನ್ನು ನಾನು ಕಂಡಿಲ್ಲ. ಅದನ್ನು ನೆಟ್ಟವರಿಲ್ಲ, ನೀರೆರೆದವರಿಲ್ಲ. ಬೀಜ ತಂದು ಹಾಕಿದ್ದು ಹಕ್ಕಿ.

ಹಾಗೆಂದು ಯಾರದೂ ಅಲ್ಲದ್ದನ್ನು ಬರಿದು ಮಾಡುವ ಹಕ್ಕು ಯಾರಿಗೂ ಬರುವುದಿಲ್ಲ. ಗೊಂಚಲು ಕೊಯ್ದವನು ಈ ವರ್ಷದ ಹಣ್ಣನ್ನು ತೆಗೆದ. ಗೆಲ್ಲು ಮುರಿದವನು ಬರುವ ವರ್ಷದ್ದನ್ನೂ ತೆಗೆದ. ತಿಂದು ಬೀಜ ಉಗುಳುತ್ತಾ ನಡೆಯುವ ಮಗು ಹಕ್ಕಿಯ ಕೆಲಸವನ್ನೇ ಮಾಡುತ್ತದೆ.

ಇನ್ನು ಕಲ್ಲಿನ ಕೋರೆಯನ್ನು ನೋಡಿ. ಆಧಾರ ಸರಿಯಿದೆ, ಪರವಾನಿಗೆಯೂ ಇದೆ. ಆದರೆ ಯಂತ್ರ ಇಳಿದಲ್ಲಿ ಪೊದೆಯೊಂದಿಗೆ ಅದು ಬೇರೂರಿದ ಮೇಲ್ಮಣ್ಣೂ ಹೋಗುತ್ತದೆ. ಬೇಲಿ ದಾಟಿದವರಾರೆಂದು ಕಾನೂನು ಕೇಳುತ್ತದೆ. ಹಿಂದೆ ಬರುವವರಿಗೆ ಏನು ಉಳಿಯಿತೆಂದು ಕೇಳುವುದು ಧರ್ಮದ ಪಾಲಿಗೆ ಬಂದಿದೆ. ಆ ಪ್ರಶ್ನೆಗೆ ಮಗುವಿನಲ್ಲಿ ಉತ್ತರವಿದೆ, ಕೋರೆಯವನಲ್ಲಿ ಇಲ್ಲವೆಂದೇ ನನ್ನ ಅಭಿಪ್ರಾಯ.

ನಾವು ಕುಂಟಾಲ ಎನ್ನುವುದನ್ನು ಮಲಯಾಳದವರು ಞಾರ ಎನ್ನುತ್ತಾರೆ. 1956ರಲ್ಲಿ ಈ ನಾಡು ಕೇರಳಕ್ಕೆ ಸೇರಿದ ಮೇಲೂ ಎರಡೂ ಮನೆಯ ಮಕ್ಕಳು ಒಂದೇ ಪೊದೆಗೆ ಕೈಚಾಚಿದ್ದಾರೆ. ಪೊದೆಯೇ ಇಲ್ಲವಾದರೆ ಎರಡು ಹೆಸರುಗಳನ್ನು ಉಳಿಸಿಕೊಂಡು ಮಾಡುವುದೇನು?