ಬೆಲೆ ಕೊಟ್ಟ ಮೇಲೆ ಉಳಿಯುವ ಋಣ

ಒಂದು ವಸ್ತುವನ್ನು ಕೊಂಡು, ಕೇಳಿದ ಬೆಲೆಯನ್ನು ಕೊಟ್ಟು, ಅಂಗಡಿಯ ಮೆಟ್ಟಿಲಿಳಿದ ಮೇಲೆ ಕೊಂಡವನಿಗೂ ಮಾರಿದವನಿಗೂ ಇನ್ನಾವ ಸಂಬಂಧವೂ ಉಳಿಯುವುದಿಲ್ಲವೆಂಬುದು ಲೋಕದ ಸಾಮಾನ್ಯ ಅಭಿಪ್ರಾಯ. ಹಣ ಆ ಕಡೆಗೆ ಹೋಯಿತು, ಪದಾರ್ಥ ಈ ಕಡೆಗೆ ಬಂದಿತು, ಲೆಕ್ಕ ಚುಕ್ತಾ ಆಯಿತು. ಅಕ್ಕಿ ಬೇಳೆಗಳ ಮಾತಿನಲ್ಲಿ ಇದು ಬಹುಮಟ್ಟಿಗೆ ನಿಜವಿರಬಹುದು. ಆದರೆ ಕೆಲವು ವ್ಯಾಪಾರಗಳಲ್ಲಿ ಬೆಲೆ ಪೂರ್ತಿಯಾಗಿ ಸಂದ ಮೇಲೆಯೂ ಏನೋ ಒಂದು ಬಾಕಿ ಉಳಿದಂತೆ ಮನಸ್ಸಿಗೆ ತೋರುವುದು. ಆ ಬಾಕಿ ನಿಜವಾದುದೋ, ಕೇವಲ ಭ್ರಮೆಯೋ? ನಿಜವಾದರೆ ಅದನ್ನು ತೀರಿಸುವ ಬಗೆ ಯಾವುದು? ಈ ಪ್ರಶ್ನೆಯನ್ನು ನನ್ನೆದುರಿಗೆ ತಂದು ನಿಲ್ಲಿಸಿದುದು ಒಂದು ಫೌಂಟನ್ ಪೆನ್ನು. ವಿಷಯ ಅಲ್ಪವೆಂದು ವಾಚಕರು ಪುಟವನ್ನು ಮಗುಚಬಾರದೆಂದು ಬೇಡುತ್ತೇನೆ.

ನನಗೆ ಪೆನ್ನುಗಳ ಹವ್ಯಾಸವುಂಟು. ಗಾಜನೂರಿನಲ್ಲಿ, ತುಂಗೆಯ ಅಣೆಕಟ್ಟಿಗೆ ಬಹಳ ದೂರವಲ್ಲದ ಮನೆಯಲ್ಲಿ, ಸಂಜೆ ದೀಪ ಹೊತ್ತಿಸಿದ ಮೇಲೆ ಪೆನ್ನನ್ನು ಬಿಚ್ಚಿ ತೊಳೆದು, ಒರಸಿ, ಹೊಸದಾಗಿ ಮಸಿ ತುಂಬಿ, ಕಾಗದದ ಮೇಲೆ ನಾಲ್ಕು ಸಾಲು ಬರೆದು ನೋಡುವುದರಲ್ಲಿ ನನಗಾಗುವ ಸಂತೋಷವನ್ನು ನಮ್ಮ ಮನೆಯವರು ಇದುವರೆಗೆ ಅರ್ಥಮಾಡಿಕೊಂಡಿಲ್ಲ. ಐದು ರೂಪಾಯಿಯ ಬಾಲ್‌ಪೆನ್ನು ಮಾಡುವ ಕೆಲಸವನ್ನೇ ಇದೂ ಮಾಡುವುದಲ್ಲವೆ ಎಂಬುದು ಅವರ ವಾದ. ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಬಾಲ್‌ಪೆನ್ನನ್ನು ಒತ್ತಿ ಉರುಳಿಸಬೇಕು. ಫೌಂಟನ್ ಪೆನ್ನನ್ನು ಕಾಗದದ ಮೇಲೆ ಸುಮ್ಮನೆ ಇಟ್ಟರೆ ಸಾಕು, ಮಸಿ ತಾನಾಗಿ ಇಳಿಯುವುದು. ನಿಬ್ಬಿನ ನಡುವಣ ಕೂದಲೆಳೆಯಂತಹ ಸೀಳು, ಅದರ ಅಡಿಯಲ್ಲಿ ಮಸಿಯನ್ನು ತರುವ ಗೀರುಗಾಲುವೆಗಳು, ಮಸಿ ಹೊರಟಷ್ಟೇ ಗಾಳಿಯನ್ನು ಒಳಕ್ಕೆ ಬಿಡುವ ಏರ್ಪಾಡು, ಇವು ಮೂರೂ ಹೊಂದಿಕೊಂಡಾಗಲೇ ಬರವಣಿಗೆ ಸುಗಮವಾಗುವುದು. ಈ ಹೊಂದಿಕೆಯ ಒಂದು ಬಗೆಗೆ ಅಮೆರಿಕೆಯ ವಾಟರ್‌ಮನ್ ಎಂಬವರು ಹಕ್ಕುಪತ್ರ ಪಡೆದುದು 1884ರಲ್ಲಿ. ಅಂದಿನಿಂದ ಪೆನ್ನಿನ ರೂಪ ನೂರು ಬಗೆಯಲ್ಲಿ ಬದಲಾಗಿದ್ದರೂ ತತ್ತ್ವ ಬದಲಾಗಿಲ್ಲ.

ಇದಕ್ಕೂ ಹಿಂದಿನ ಬರವಣಿಗೆಯ ಸಾಧನಗಳು ನಮ್ಮ ಸೀಮೆಗೆ ಅಪರಿಚಿತವಲ್ಲ. ಕೆಳದಿಯ ವಸ್ತುಸಂಗ್ರಹಾಲಯಕ್ಕೆ ಹೋದವರು ಅಲ್ಲಿ ತಾಳೆಯ ಗರಿಗಳನ್ನು ಕಂಡಿರುವರು. ಕಬ್ಬಿಣದ ಕಂಟದಿಂದ ಗರಿಯನ್ನು ಗೀರಿ, ಗೀರಿನಲ್ಲಿ ಕಾಡಿಗೆಯನ್ನು ತೊಡೆದು, ಅಕ್ಷರವನ್ನು ಕಾಣುವಂತೆ ಮಾಡುತ್ತಿದ್ದರು. ವರ್ತಕರೂ ಮಠಗಳವರೂ ಹುಣಿಸೆಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಬಟ್ಟೆಗೆ ಬಳಿದು ಮಾಡಿದ ಕಡತದ ಮೇಲೆ ಬಳಪದಿಂದ ಲೆಕ್ಕ ಬರೆದಿಡುತ್ತಿದ್ದರು. ಕಾಗದ ಬಂದ ಮೇಲೆ ಅಣಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಸೇರಿಸಿ ಕಪ್ಪು ಮಸಿಯನ್ನು ಮಾಡಿಕೊಂಡರು. ಮಲೆನಾಡಿನ ಕಾಡಿನಲ್ಲಿ ಅಣಲೆಗೆ ಕೊರತೆಯಿಲ್ಲ. ಕೈಯಿಂದ ಅಕ್ಷರ ಹುಟ್ಟುವ ಕ್ರಮವನ್ನು ಪ್ರೀತಿಸುವುದು ನಿನ್ನೆ ಮೊನ್ನೆಯ ಶೋಕಿಯಲ್ಲವೆಂದು ತೋರಿಸುವುದಕ್ಕಾಗಿ ಇಷ್ಟು ಹೇಳಿದೆ.

ಹಾಗೆಂದು ಈ ಹವ್ಯಾಸಕ್ಕೆ ದೋಷವೇ ಇಲ್ಲವೆಂದು ಹೇಳಲಾರೆ. ಒಂದು ಪೆನ್ನು ಬರೆಯುವುದಕ್ಕೆ. ಎರಡನೆಯದು ಮೊದಲನೆಯದು ಕೆಟ್ಟರೆ ಇರಲೆಂದು. ಮೂರನೆಯದು ಬೇರೆ ಬಣ್ಣದ ಮಸಿಗೆ. ಹತ್ತನೆಯದು ಏಕೆಂದು ಕೇಳಿದರೆ ಉತ್ತರವಿಲ್ಲ. ಆಯ್ದಕ್ಕಿ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದ ಕಥೆಯನ್ನು ನಾವೆಲ್ಲರೂ ಬಲ್ಲೆವು. ಅಗತ್ಯಕ್ಕೆ ಮೀರಿದುದನ್ನು ಮನೆಯೊಳಕ್ಕೆ ತರುವುದು ಆಕೆಗೆ ಆಸೆಯಾಗಿ ಕಂಡಿತು. ಆ ತಾಯಿಯ ಮುಂದೆ ನನ್ನ ಪೆಟ್ಟಿಗೆಯನ್ನು ತೆರೆದಿಡುವ ಧೈರ್ಯ ನನಗಿಲ್ಲ. ನನ್ನ ಮಟ್ಟಿಗೆ ಒಂದು ನಿಯಮವನ್ನು ಇಟ್ಟುಕೊಂಡಿದ್ದೇನೆ: ಬರೆಯದ ಪೆನ್ನು ನನ್ನದಲ್ಲ. ವರ್ಷದಲ್ಲಿ ಒಮ್ಮೆಯೂ ಮಸಿ ಕಾಣದ ಪೆನ್ನನ್ನು ಬರೆಯುವವರಿಗೆ ಕೊಟ್ಟುಬಿಡಬೇಕು. ನಿಯಮ ಪ್ರತಿ ವರ್ಷವೂ ಪೂರ್ಣವಾಗಿ ನಡೆದಿದೆಯೆಂದು ಪ್ರಮಾಣ ಮಾಡಲಾರೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಪೆನ್ನು ಕೊಡೆಯಂತಲ್ಲ, ಚಪ್ಪಲಿಯಂತೆ. ಒಬ್ಬರಿಗೆ ಹಿತವಾದುದು ಮತ್ತೊಬ್ಬರಿಗೆ ಕಚ್ಚುವುದು. ಆದುದರಿಂದ ಇದರಲ್ಲಿ ತಿಳಿದವರ ಸಲಹೆ ಬೇಕೇ ಬೇಕು. ಶಿವಮೊಗ್ಗೆಯ ಪೇಟೆಯಲ್ಲಿ ಅಂತಹ ಒಂದು ಸಣ್ಣ ಅಂಗಡಿಯನ್ನು ನಾನು ಬಲ್ಲೆ. ಮೊದಲ ಸಲ ಹೋಗಿ ಒಂದು ಪೆನ್ನನ್ನು ಬೆರಳು ಮಾಡಿ ತೋರಿಸಿದಾಗ ಅಂಗಡಿಯ ಯಜಮಾನರು ಅದನ್ನು ತೆಗೆಯಲಿಲ್ಲ. “ತಾವು ಹೆಚ್ಚಾಗಿ ಕನ್ನಡ ಬರೆಯುವಿರೋ, ಇಂಗ್ಲಿಷೋ?” ಎಂದು ಕೇಳಿದರು. ಕನ್ನಡವೆಂದೆ. ಒಂದು ಹಾಳೆಯನ್ನು ಮುಂದಿಟ್ಟು, “ನಾಲ್ಕು ಸಾಲು ಬರೆಯಿರಿ ಸ್ವಾಮಿ, ಪೆನ್ನನ್ನು ಆಮೇಲೆ ನೋಡೋಣ” ಎಂದರು. ಬರೆದುದನ್ನು ನೋಡಿ, ನಾನು ತೋರಿಸಿದ ದಪ್ಪ ನಿಬ್ಬು ನನಗೆ ತಕ್ಕುದಲ್ಲವೆಂದರು. ಕನ್ನಡದ ಅಕ್ಷರಕ್ಕೆ ಸುರುಳಿ ಹೆಚ್ಚು, ಕೆಳಗೆ ಒತ್ತು ಬೇರೆ. ದಪ್ಪ ನಿಬ್ಬಿನಲ್ಲಿ ಸಣ್ಣದಾಗಿ ಬರೆದರೆ ಸುರುಳಿಯ ಒಳಗೆಲ್ಲ ಮಸಿ ತುಂಬಿ ಅಕ್ಷರವೇ ಮುಚ್ಚಿಹೋಗುವುದು. ಅಂಚು ಚೂಪಾಗಿ ಕತ್ತರಿಸಿದ ನಿಬ್ಬಾದರೆ ಮೇಲಕ್ಕೂ ಪಕ್ಕಕ್ಕೂ ತಿರುಗುವಾಗ ಕಾಗದವನ್ನು ಕೆರೆಯುವುದು. ಎಲ್ಲ ದಿಕ್ಕಿಗೂ ಸಮನಾಗಿ ಜಾರುವ, ತುದಿ ದುಂಡಾದ, ತೆಳುವಾದ ನಿಬ್ಬು ನನಗೆ ಬೇಕಾದುದು. ಅದರ ಬೆಲೆ ನಾನು ತೋರಿಸಿದುದರ ಅರ್ಧಕ್ಕಿಂತ ಕಡಿಮೆ.

ಅನಂತರ ಅವರಿಂದ ಎಷ್ಟೋ ಸಂಗತಿಗಳನ್ನು ಕಲಿತೆ. ಆಷಾಢ ಶ್ರಾವಣಗಳಲ್ಲಿ ನಮ್ಮ ಕಡೆಯ ಕಾಗದ ತೇವವನ್ನು ಹೀರಿ ಅಕ್ಷರ ಹರಡುವುದು ಪೆನ್ನಿನ ದೋಷವಲ್ಲ. ಆ ದಿನಗಳಲ್ಲಿ ಕಾಗದವನ್ನು ಮುಚ್ಚಿದ ಪೆಟ್ಟಿಗೆಯಲ್ಲಿಡಬೇಕು. ಚಿತ್ರಗಾರರು ಬಳಸುವ, ಅರಗು ಬೆರೆತ ಕಪ್ಪು ಮಸಿಯನ್ನು ಫೌಂಟನ್ ಪೆನ್ನಿಗೆ ಹಾಕಿದರೆ ಕಾಲುವೆಗಳು ಗಟ್ಟಿಯಾಗಿ ಕಟ್ಟಿಕೊಳ್ಳುವುವು. ಬಿಸಿನೀರಿನಲ್ಲಿ ಎಬೊನೈಟಿನ ಪೆನ್ನನ್ನು ತೊಳೆದರೆ ಅದರ ಹೊಳಪು ಕೆಡುವುದು. ಇವುಗಳಲ್ಲಿ ಯಾವುದಕ್ಕೂ ಅವರು ಚೀಟಿ ಬರೆಯಲಿಲ್ಲ, ಹಣ ಕೇಳಲಿಲ್ಲ.

ಈಗ ನನ್ನ ತಪ್ಪನ್ನು ಹೇಳಬೇಕು. ಎರಡು ವರ್ಷಗಳ ಕೆಳಗೆ ಒಂದು ಒಳ್ಳೆಯ ಪೆನ್ನನ್ನು ಕೊಳ್ಳಬೇಕೆಂದು ಅದೇ ಅಂಗಡಿಗೆ ಹೋದೆ. ಯಜಮಾನರು ಆರು ಪೆನ್ನುಗಳನ್ನು ಮಸಿಯಲ್ಲಿ ಅದ್ದಿ ಅದ್ದಿ ಕೊಟ್ಟರು. ಒಂದು ಗಂಟೆಯ ಕಾಲ ಬರೆದು ನೋಡಿದೆ. ಮಧ್ಯೆ ಬಂದ ಇಬ್ಬರು ಗಿರಾಕಿಗಳು ಕಾದು ನಿಂತರು. ಕೊನೆಗೆ ಒಂದು ಪೆನ್ನು ನನಗೆ ಸರಿಯೆಂದು ಇಬ್ಬರೂ ಒಪ್ಪಿದೆವು. “ನಾಳೆ ಬರುತ್ತೇನೆ” ಎಂದು ಹೇಳಿ ಬಸ್ಸು ಹತ್ತಿದೆ. ಮನೆಗೆ ಬಂದು ಮೊಬೈಲಿನಲ್ಲಿ ನೋಡಿದರೆ ಅದೇ ಪೆನ್ನು ದೂರದ ಯಾರೋ ಮಾರಾಟಗಾರರಲ್ಲಿ 300 ರೂಪಾಯಿ ಕಡಿಮೆಗೆ ಇತ್ತು. ಅಲ್ಲಿಯೇ ತರಿಸಿದೆ.

ಬಂದ ಪೆನ್ನು ಬರೆಯಲಿಲ್ಲ. ಒಂದು ಸಾಲು ಬರೆದರೆ ಅರ್ಧ ಸಾಲು ಒಣಗುವುದು. ಹಿಂದಕ್ಕೆ ಕಳುಹಿಸುವ ಗಡುವು ಮುಗಿದಿತ್ತು. ನಾಚಿಕೆಯನ್ನು ನುಂಗಿ ಶಿವಮೊಗ್ಗೆಗೆ ಹೋದೆ. ಯಜಮಾನರು ಪೆನ್ನನ್ನು ಎಲ್ಲಿ ಕೊಂಡಿರೆಂದು ಕೇಳಲಿಲ್ಲ. ಭೂತಗನ್ನಡಿಯಲ್ಲಿ ನೋಡಿ, ನಿಬ್ಬಿನ ಎರಡು ಹಲ್ಲುಗಳು ಸಮನಾಗಿಲ್ಲವೆಂದು ತೋರಿಸಿ, ಉಗುರಿನಿಂದ ಮೆಲ್ಲಗೆ ಒತ್ತಿ ಸಮಮಾಡಿ, ತೆಳುವಾದ ಹಿತ್ತಾಳೆಯ ತಗಡನ್ನು ಸೀಳಿನಲ್ಲಿ ಎರಡು ಸಲ ಆಡಿಸಿ, ನೀರಿನಲ್ಲಿ ತೊಳೆದು ಕೊಟ್ಟರು. ಪೆನ್ನು ಎಣ್ಣೆಯಂತೆ ಬರೆಯಿತು. ಎಷ್ಟು ಕೊಡಬೇಕೆಂದು ಕೇಳಿದರೆ, “ಇದಕ್ಕೇನು ಸ್ವಾಮಿ” ಎಂದು ಕೈಯಾಡಿಸಿಬಿಟ್ಟರು. ಆಗ ತಡೆಯಲಾರದೆ ನಡೆದುದನ್ನು ಹೇಳಿದೆ. ಅವರು ನಕ್ಕು, “ಗೊತ್ತಾಗದೆ ಇರುತ್ತದೆಯೆ? ತಾವು ಆರಿಸಿದ ಪೆನ್ನು ನನ್ನ ಕಪಾಟಿನಲ್ಲಿ ಇನ್ನೂ ಹಾಗೆಯೇ ಇದೆ. ಆದರೆ ಈ ನಿಬ್ಬು ಏನು ತಪ್ಪು ಮಾಡಿತ್ತು?” ಎಂದರು.

ಬಸ್ಸಿನಲ್ಲಿ ಕುಳಿತು 12 ಕಿಲೋಮೀಟರ್ ದಾರಿಯುದ್ದಕ್ಕೂ ನನ್ನ ಪರವಾಗಿ ನಾನೇ ವಕೀಲಿ ಮಾಡಿಕೊಂಡೆ. ಅಗ್ಗವಾಗಿ ಸಿಕ್ಕುವಲ್ಲಿ ಕೊಳ್ಳುವುದು ಅನ್ಯಾಯವೆ? ಅವರು ಸಲಹೆ ಕೊಟ್ಟುದು ತಮ್ಮ ವ್ಯಾಪಾರಕ್ಕಾಗಿಯೇ ಅಲ್ಲವೆ? ಕೊಳ್ಳಲೇಬೇಕೆಂಬ ಕರಾರನ್ನು ನಾನು ಬರೆದುಕೊಟ್ಟಿರಲಿಲ್ಲ. ಕಾನೂನಿನ ದೃಷ್ಟಿಯಿಂದ ಈ ವಾದ ಗೆಲ್ಲುವುದು. ಆದರೆ ಒಂದು ಪ್ರಶ್ನೆಯ ಮುಂದೆ ಅದು ನಿಲ್ಲಲಾರದೆ ಹೋಯಿತು. ಅಂದು ಅಂಗಡಿಯನ್ನು ಹೊಕ್ಕ ಕೂಡಲೇ, “ನಾನು ಇಲ್ಲಿ ಒಂದು ಗಂಟೆ ನೋಡಿ ಬೇರೆಡೆ ಕೊಳ್ಳುವವನು” ಎಂದು ಹೇಳಲು ನನ್ನಿಂದಾಗುತ್ತಿತ್ತೆ? ಆಗುತ್ತಿರಲಿಲ್ಲ. ಹೇಳಿದ್ದರೂ ಅವರು ಪೆನ್ನುಗಳನ್ನು ತೋರಿಸುತ್ತಿದ್ದರೇನೋ. ಆಗ ಅದು ತಿಳಿದು ಕೊಟ್ಟ ದಾನವಾಗುತ್ತಿತ್ತು, ನಾನು ತಿಳಿಸಿ ಪಡೆದ ದಾನವಾಗುತ್ತಿತ್ತು. “ನಾಳೆ ಬರುತ್ತೇನೆ” ಎಂಬ ಮಾತಿನ ಮರೆಯಲ್ಲಿ ಪಡೆದುದು ದಾನವೂ ಅಲ್ಲ, ಕ್ರಯವೂ ಅಲ್ಲ. ತಪ್ಪು ಕಡಿಮೆ ಬೆಲೆಯಲ್ಲಿರಲಿಲ್ಲ; ಮುಚ್ಚಿಟ್ಟುದರಲ್ಲಿತ್ತು. ಉಂಡ ಮನೆಗೆ ಎರಡು ಬಗೆಯಬಾರದೆಂದು ಹಿರಿಯರು ಹೇಳಿದುದು ಅನ್ನಕ್ಕೆ ಮಾತ್ರವಲ್ಲ.

ಇಲ್ಲಿ ಎರಡು ಆಕ್ಷೇಪಗಳನ್ನು ಎದುರಿಸಬೇಕು. ಮೊದಲನೆಯದು: ಬಡ ವಿದ್ಯಾರ್ಥಿಗೆ 300 ರೂಪಾಯಿ ಸಣ್ಣ ಮೊತ್ತವಲ್ಲ, ಅಂಗಡಿಯವರ ಉಪಕಾರಕ್ಕಾಗಿ ಅವನು ಅಷ್ಟನ್ನು ಹೆಚ್ಚಾಗಿ ಕೊಡಬೇಕೆ? ಬೇಡ. ಅವನು ತನ್ನ ಶಕ್ತಿಯನ್ನು ಬಾಯಿಬಿಟ್ಟು ಹೇಳಿದರೆ ಸಾಕು. ಒಳ್ಳೆಯ ವರ್ತಕನು ಅಷ್ಟರಲ್ಲಿ ಬರುವ ಪೆನ್ನನ್ನು ತೋರಿಸುವನು, ಇಲ್ಲವೆ ಅಲ್ಲಿಯೇ ತರಿಸಿಕೋ ಎನ್ನುವನು. ಎರಡನೆಯದು: ಮೃದುವಾದ ಮಾತು ವ್ಯಾಪಾರದ ಬಲೆಯೂ ಆಗಬಹುದಲ್ಲ, ಕೃತಜ್ಞತೆಯನ್ನೇ ಬಂಡವಾಳ ಮಾಡಿಕೊಂಡವರು ಇಲ್ಲವೆ? ಇರುವರು. ಅವರನ್ನು ಗುರುತಿಸುವ ಒಂದು ಪರೀಕ್ಷೆಯುಂಟು. ಗಿರಾಕಿಗೆ ಬೇಡವಾದುದನ್ನು “ಬೇಡ” ಎಂದು ಹೇಳಿ ತನ್ನ ಲಾಭವನ್ನು ಬಿಟ್ಟುಕೊಟ್ಟವನ ಮಾತನ್ನು ನಂಬಬಹುದು. ಎಂದೂ ಹಾಗೆ ಹೇಳದವನ ಮಾತು ಎಷ್ಟು ಸವಿಯಾದರೂ ಅದು ಮಾಲಿನ ಮೇಲಣ ಬಣ್ಣದ ಕಾಗದವಷ್ಟೆ.

ಮಹಾಭಾರತದ ಶಾಂತಿಪರ್ವದಲ್ಲಿ ಜಾಜಲಿಯೆಂಬ ತಪಸ್ವಿಯ ಕಥೆ ಬರುವುದು. ಜಟೆಯಲ್ಲಿ ಹಕ್ಕಿಗಳು ಗೂಡು ಕಟ್ಟಿ ಮರಿ ಮಾಡುವವರೆಗೂ ಅಲುಗದೆ ನಿಂತವನು ಅವನು. ಧರ್ಮವನ್ನು ಸಾಧಿಸಿದೆನೆಂದು ಅವನು ಹೆಮ್ಮೆಪಟ್ಟಾಗ, ಕಾಶಿಯಲ್ಲಿ ವ್ಯಾಪಾರ ಮಾಡುವ ತುಲಾಧಾರನು ನಿನಗಿಂತ ಮೇಲೆಂಬ ಮಾತು ಕೇಳಿಬಂದಿತು. ಋಷಿಯು ಅಂಗಡಿಗೆ ಹೋಗಿ ವರ್ತಕನಿಂದ ಧರ್ಮವನ್ನು ಕೇಳಿದನು. ತನ್ನ ತಕ್ಕಡಿ ಎಲ್ಲರಿಗೂ ಸಮವೆಂಬುದೇ ವರ್ತಕನ ಉತ್ತರದ ಸಾರ. ಧರ್ಮವನ್ನು ಕಾಡಿನಲ್ಲಿ ಮಾತ್ರವಲ್ಲ, ಅಂಗಡಿಯ ಗಲ್ಲೆಯ ಮುಂದೆಯೂ ಕಾಣಬಹುದೆಂದು ನಮ್ಮ ಪೂರ್ವಿಕರು ಬಲ್ಲವರಾಗಿದ್ದರು. ಕಾಯಕವೆಂಬ ಮಾತನ್ನು ಲೋಕಕ್ಕೆ ಕೊಟ್ಟ ಶರಣರಲ್ಲಿ ಅಲ್ಲಮನೂ ಅಕ್ಕನೂ ನಮ್ಮ ಶಿಕಾರಿಪುರದ ಸೀಮೆಯವರೇ.

ಇಂತಹ ಅಂಗಡಿಗಳೂ ಕಾರ್ಖಾನೆಗಳೂ ದೇಶದಲ್ಲಿ ಇನ್ನೂ ಕೆಲವು ಉಳಿದಿವೆ. ರಾಜಮಹೇಂದ್ರಿಯಲ್ಲಿ 1932ರಲ್ಲಿ ಆರಂಭವಾದ ರತ್ನಂ ಪೆನ್ನಿನ ಮನೆ ಅವುಗಳಲ್ಲೊಂದು; ಅಲ್ಲಿಯ ಸ್ವದೇಶಿ ಪೆನ್ನನ್ನು ಬಳಸಿ ಮೆಚ್ಚಿ ಗಾಂಧೀಜಿಯವರು 1935ರಲ್ಲಿ ಪತ್ರ ಬರೆದರು. ಕಲ್ಕತ್ತೆಯ ಎಸ್‌ಪ್ಲನೇಡಿನ ಬಳಿ ಕೆಟ್ಟ ಪೆನ್ನುಗಳನ್ನು ಸರಿಪಡಿಸುವುದಕ್ಕೇ ಮೀಸಲಾದ ಅಂಗಡಿಯ ಹೆಸರು “ಪೆನ್ ಹಾಸ್ಪಿಟಲ್”. ಆದರೆ ಉಳಿಯುವುದು ತಾನಾಗಿ ಆಗುವ ಕೆಲಸವಲ್ಲ. ನಮ್ಮ ಭದ್ರಾವತಿಯನ್ನೇ ನೋಡಬಹುದು. 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆಯಲ್ಲಿ ಕೆಲಸ ನಿಂತು ವರ್ಷಗಳೇ ಸಂದುವು. ಕಾರಣಗಳು ಬೇರೆ, ದೊಡ್ಡವು. ಗಿರಾಕಿಯೊಬ್ಬನ ಸಣ್ಣತನಕ್ಕೆ ಅವನ್ನು ಹೋಲಿಸಲಾಗದು. ಆದರೂ ಒಂದು ಮಾತು ಎರಡಕ್ಕೂ ಸಲ್ಲುವುದು: ಬಾಗಿಲು ಮುಚ್ಚಿದಾಗ ಮಾಲು ಮಾತ್ರ ಹೋಗುವುದಿಲ್ಲ, ಕೈಗಳಲ್ಲಿದ್ದ ತಿಳಿವಳಿಕೆಯೂ ಹೋಗುವುದು. ಮಾಲನ್ನು ಬೇರೆಡೆಯಿಂದ ತರಿಸಬಹುದು. ಉಗುರಿನಿಂದ ನಿಬ್ಬನ್ನು ಸಮಮಾಡುವ ಕೈಯನ್ನು ತರಿಸಲಾಗದು.

ಹಾಗಾದರೆ ಮೊದಲಿನ ಪ್ರಶ್ನೆಗೆ ಉತ್ತರವೇನು? ಬಾಕಿ ಉಳಿಯುವುದು ನಿಜವೆಂದೇ ನನ್ನ ನಿಶ್ಚಯ. ವಸ್ತುವಿಗೆ ಬೆಲೆಯುಂಟು, ಹಿತವಾದ ತಿಳಿವಳಿಕೆಗೆ ಬೆಲೆಯನ್ನು ಕಟ್ಟಿಲ್ಲವಾದುದರಿಂದಲೇ ಅದು ಋಣವಾಗಿ ನಿಲ್ಲುವುದು. ಮನುಷ್ಯನು ಮೂರು ಋಣಗಳನ್ನು ಹೊತ್ತು ಹುಟ್ಟುವನೆಂದೂ, ಋಷಿಋಣವನ್ನು ತೀರಿಸುವುದು ಅಧ್ಯಯನದಿಂದಲೆಂದೂ ನಮ್ಮ ಶಾಸ್ತ್ರದ ಮಾತು. ಕಲಿಸಿದವರಿಗೆ ಕಲಿತುದನ್ನು ಹಿಂದಕ್ಕೆ ಕೊಡಲಾಗದು. ಮುಂದಕ್ಕೆ ಮಾತ್ರ ಕೊಡಬಹುದು. ಪೆನ್ನಿನಂಗಡಿಯ ಋಣವೂ ಈ ಜಾತಿಯದೇ. ಅಲ್ಲಿ ಕಲಿತವನು ಕೊಳ್ಳುವ ಶಕ್ತಿಯಿರುವಾಗ ಅಲ್ಲಿಯೇ ಕೊಳ್ಳಬೇಕು. ಇಲ್ಲದಾಗ ಇಲ್ಲವೆಂದು ಹೇಳಬೇಕು. ತಾನು ಕಲಿತುದನ್ನು ಇನ್ನೊಬ್ಬನಿಗೆ ಹೇಳಿಕೊಡಬೇಕು. ಇಷ್ಟು ಮಾಡಿದರೂ ಲೆಕ್ಕ ಚುಕ್ತಾ ಆಗದು, ಆದರೆ ಮೋಸವಾಗದು.

ಕಪಾಟಿನಲ್ಲಿ ಉಳಿದಿದ್ದ ಆ ಪೆನ್ನನ್ನು ಮರುವಾರವೇ ಹೋಗಿ ಪೂರ್ಣ ಬೆಲೆಗೆ ಕೊಂಡೆ. ಒಂದೇ ಬಗೆಯ ಎರಡು ಪೆನ್ನು ನನಗೇತಕ್ಕೆಂದು ಯಜಮಾನರು ತಡೆದರು, ನಾನು ಕೇಳಲಿಲ್ಲ. ಗಾಜನೂರಿನ ನವೋದಯ ವಿದ್ಯಾಲಯದಲ್ಲಿ ಓದುವ, ನಮಗೆ ಪರಿಚಯದ ಹುಡುಗನೊಬ್ಬನಿಗೆ ಅದನ್ನು ಕೊಟ್ಟು, ಮಸಿ ತುಂಬುವ, ತೊಳೆಯುವ, ಒಣಗಿಸುವ ಕ್ರಮವನ್ನೆಲ್ಲ ಹೇಳಿಕೊಟ್ಟಿದ್ದೇನೆ. ಬರೆಯದೆ ನಿಂತರೆ ಯಾವ ಅಂಗಡಿಗೆ ಹೋಗಬೇಕೆಂಬುದನ್ನೂ ಹೇಳಿದ್ದೇನೆ. ಹೋದಾಗ ಮೊದಲು ನಿಜವನ್ನು ಹೇಳಬೇಕೆಂದು ಹೇಳುವುದಕ್ಕೆ ಮರೆತಿದ್ದೆ. ಮುಂದಿನ ರಜೆಯಲ್ಲಿ ಅವನು ಬಂದಾಗ ಹೇಳಬೇಕು.